ಸೊಪ್ಪು ಕಟ್ಟಿದ ಕಲ್ಲು

ಹೊನಗೊನ್ನೆ ಸೊಪ್ಪು ಬಿಡಿಸುವುದು ಅವಸರದವರ ಕೆಲಸವಲ್ಲ. ಎಲೆಗಿಂತ ಕಡ್ಡಿ ಹೆಚ್ಚು, ಕಡ್ಡಿಗಿಂತ ಕೆಸರು ಹೆಚ್ಚು. ಎಷ್ಟು ನೀರಿನಲ್ಲಿ ತೊಳೆದರೂ ಪಾತ್ರೆಯ ತಳದಲ್ಲಿ ಒಂದಿಷ್ಟು ಕಪ್ಪು ಮಣ್ಣು ಕೂತೇ ಇರುತ್ತದೆ. ಅದನ್ನು ಚೆಲ್ಲುವಾಗಲೆಲ್ಲ, ನೀವು ನಗಬೇಡಿ, ನನಗೆ ಒಂದು ಜೌಗು ನೆಲ ನೆನಪಾಗುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ವಿಜಯನಗರಕ್ಕೆ ಬಂದ ಹೊಸತರಲ್ಲಿ, ನಮ್ಮ ಮನೆಯಿಂದ ನಾಗರಬಾವಿಯ ಕಡೆಗೆ ನಡೆಯುತ್ತ ಹೋದರೆ ಸೈಟುಗಳಿಗೆ ನೆಟ್ಟ ಕಲ್ಲುಗಳು ಮುಗಿದು ರಾಗಿಹೊಲ ಸಿಗುತ್ತಿತ್ತು, ಹೊಲ ಮುಗಿದು ತಗ್ಗು ಸಿಗುತ್ತಿತ್ತು, ಆ ತಗ್ಗಿನಲ್ಲಿ ಒಂದು ಹಳ್ಳಿಯವರು ತಮ್ಮ ದನಗಳಿಗೆಂದೇ ಬಿಟ್ಟುಕೊಂಡಿದ್ದ ಗೋಮಾಳವಿತ್ತು.

ಗೋಮಾಳ ಎಂದೊಡನೆ ಒಣ ಬಯಲನ್ನು ಕಲ್ಪಿಸಿಕೊಳ್ಳಬೇಡಿ. ಕೆರೆಯ ಹಿನ್ನೀರು ಹರಡಿ ಇಂಗುತ್ತಿದ್ದ ಆ ನೆಲ ಕಾಲಿಟ್ಟಲ್ಲೆಲ್ಲ ಒಸರುತ್ತಿತ್ತು. ನೀರಿನ ಅಂಚಿಗೆ ಜೊಂಡು, ಅದರೀಚೆಗೆ ಚಾಪೆ ಹೆಣೆಯುವ ಆಪಿನ ಹುಲ್ಲು, ಇನ್ನೂ ಈಚೆಗೆ ಒಂದೆಲಗ, ಹೊನಗೊನ್ನೆ, ದಿಬ್ಬದ ಮೇಲೆ ತುಂಬೆ, ಗರಿಕೆ. ಬೆಳ್ಳಕ್ಕಿಗಳು ಎಮ್ಮೆಗಳ ಬೆನ್ನೇರಿ ಯಜಮಾನಿಕೆ ಮಾಡುತ್ತಿದ್ದವು. ಮಿಂಚುಳ್ಳಿ ಜೊಂಡಿನ ತುದಿಯಲ್ಲಿ ಕೂತು ನೀರನ್ನೇ ದಿಟ್ಟಿಸುತ್ತಿತ್ತು. ಕೇರೆಹಾವು ತನ್ನ ಪಾಡಿಗೆ ಹರಿದುಹೋದರೆ ಕಪ್ಪೆಗಳು ಒಮ್ಮೆಗೇ ಮೌನವ್ರತ ಹಿಡಿಯುತ್ತಿದ್ದವು. ಬೇಲಿಯಿಲ್ಲ, ಬೋರ್ಡಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಊರಿನವರು ಗೋಮಾಳದ ಬಾಯಲ್ಲಿದ್ದ ಒಂದು ಕಲ್ಲನ್ನು ತೊಳೆದು, ವಿಭೂತಿ ಬಳಿದು, ಹಸಿ ಸೊಪ್ಪು ಕಟ್ಟುತ್ತಿದ್ದರು. ಆ ಸೊಪ್ಪು ಬಿಚ್ಚುವವರೆಗೆ, ಅಂದರೆ ಹುಲ್ಲು ಬೇರೂರಿ ತೆನೆ ಒಡೆಯುವವರೆಗೆ, ಒಂದು ಕರುವೂ ಒಳಗೆ ಕಾಲಿಡುವಂತಿರಲಿಲ್ಲ. ಹುಲ್ಲಿಗೆಂದು ಹಾಕಿದ ಆ ಕಟ್ಟಿನ ನೆರಳಲ್ಲಿ ಹಕ್ಕಿಗಳೂ ನೆಮ್ಮದಿಯಾಗಿ ಮೊಟ್ಟೆಯಿಡುತ್ತಿದ್ದವು.

ಇದೆಲ್ಲ ನಮಗೇನು ಗೊತ್ತು? ನಾವು ರಾಣೆಬೆನ್ನೂರು ಕಡೆಯವರು. ನನ್ನ ಅತ್ತೆ ಬೆಂಗಳೂರಿಗೆ ಬರುವಾಗ ಪಾತ್ರೆಪಡಗದ ಜೊತೆಗೆ ಗೌರಿ ಎಂಬ ಹಸುವನ್ನೂ ಲಾರಿ ಹತ್ತಿಸಿಕೊಂಡು ಬಂದಿದ್ದರು. ಮೂವತ್ತು-ನಲವತ್ತರ ಸೈಟಿನಲ್ಲಿ ಹಸು ಕಟ್ಟಿಕೊಂಡವರೆಂದು ಬೀದಿಯೆಲ್ಲ ನಗುತ್ತಿತ್ತು. ಆ ವರ್ಷ ಗೌರಿ ತುಂಬಿದ ಗಬ್ಬ. ನಾನೂ ಬಸುರಿ. ಹಿಂದಿನ ವರ್ಷ ನನ್ನ ಚೊಚ್ಚಲ ಬಸಿರು ಇಳಿದುಹೋಗಿತ್ತಾದ್ದರಿಂದ ಮನೆಯಲ್ಲಿ ಯಾರೂ ಸಂತೋಷವನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಅತ್ತೆ ಮಾತ್ರ ಕಂಡ ಕಂಡ ದೇವರಿಗೆ ಹರಕೆ ಹೊರುತ್ತಿದ್ದರು.

ನಮ್ಮೂರಿನ ಬಾಗಿಲಲ್ಲೂ ಅಂಥದೇ ಒಂದು ಕಲ್ಲಿತ್ತು. ಅದಕ್ಕೆ ವಿಭೂತಿ ಬಳಿದು ಸೊಪ್ಪು ಕಟ್ಟಿದರೆಂದರೆ ಅಂದು ದನಗಳ ಹಬ್ಬ. ಗಬ್ಬದ ಹಸುವನ್ನು ಕಲ್ಲಿನ ಸುತ್ತ ತಿರುಗಿಸಿ ಅದರಾಚೆ ಮೇಯಲು ಬಿಟ್ಟರೆ ಸುಖವಾಗಿ ಈಯುತ್ತದೆಂದು ನಂಬಿಕೆ. ಒಂದು ಬೆಳಿಗ್ಗೆ ಗೋಮಾಳದ ಕಲ್ಲನ್ನು ಕಂಡ ಅತ್ತೆಗೆ ತವರನ್ನೇ ಕಂಡಷ್ಟು ಹಿಗ್ಗಾಯಿತು. ಮನೆಗೆ ಓಡಿಬಂದು, ಗೌರಿಯ ಮೈ ತೊಳೆದು, ಕಾಯಿ ಹಿಡಿದು, ನನ್ನನ್ನೂ ಕರೆದುಕೊಂಡು ಹೊರಟರು. ಕಲ್ಲನ್ನು ಸುತ್ತು ಹಾಕಿಸಿದ್ದಾಯಿತು, ಕಾಯಿ ಒಡೆದದ್ದಾಯಿತು, "ಹೋಗವಾ ತಾಯಿ, ಹೊಟ್ಟಿ ತುಂಬ ಮೇಯಿ" ಎಂದು ಹಗ್ಗ ಬಿಟ್ಟಿದ್ದೂ ಆಯಿತು.

ಗೌರಿ ದಿಬ್ಬ ಹತ್ತುತ್ತಿದ್ದಂತೆ ಎರಡು ಟಿಟ್ಟಿಭ ಹಕ್ಕಿಗಳು ಎದ್ದವು. ಚೀರುತ್ತ ಅವಳ ಕೊಂಬಿನ ಮೇಲೆಯೇ ಎರಗಿದವು. ಅತ್ತೆ ಹಗ್ಗ ಹಿಡಿಯಲು ಓಡುವಷ್ಟರಲ್ಲಿ ಗೊರಸು ಬಿದ್ದಾಗಿತ್ತು. ಗೂಡೆಂದರೆ ಗೂಡೂ ಅಲ್ಲ, ನೆಲದ ಮೇಲೊಂದು ಕುಳಿ, ಸುತ್ತ ನಾಲ್ಕು ಕಲ್ಲಹರಳು. ಅದರಲ್ಲಿದ್ದ ಮಣ್ಣುಬಣ್ಣದ ಮೊಟ್ಟೆಗಳು ಒಂದೂ ಉಳಿದಿರಲಿಲ್ಲ. ಹಕ್ಕಿಗಳು ಬಹಳ ಹೊತ್ತು ಕೂಗಿದವು. ಅತ್ತೆ ಆ ಕುಳಿಯನ್ನು ನೋಡಿದರು, ಗೌರಿಯ ಹೊಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮೂರನೆಯ ನೋಟಕ್ಕೆ ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ.

ಕೂಗಾಟ ಕೇಳಿ ಊರ ಹಿರಿಯಳಾದ ಹನುಮಕ್ಕ ಬಂದಳು. "ಏನವ್ವ, ಕಣ್ ಕಾಣಾಕಿಲ್ವಾ? ಸೊಪ್ಪು ಕಟ್ಟಿರೋ ಕಲ್ ದಾಟಿಸ್ಕೊಂಡು ಬಂದ್ಬುಟ್ಟಿದ್ದೀರಲ್ಲ!" ಎಂದು ಸೊಂಟಕ್ಕೆ ಕೈಯಿಟ್ಟಳು. ಅತ್ತೆ ನಮ್ಮೂರಿನ ಪದ್ಧತಿ ಹೇಳಿದರು. ಕೇಳಿದ ಹನುಮಕ್ಕನಿಗೆ ಸಿಟ್ಟು ಅರ್ಧ ಇಳಿಯಿತು, ಕಟ್ಟಳೆ ಇಳಿಯಲಿಲ್ಲ. ಕಟ್ಟು ಮುರಿದವರೇ ಸೊಪ್ಪು ಬಿಚ್ಚುವವರೆಗೆ ಕಾವಲು ಕೂರಬೇಕು, ಅದೇ ದಂಡ. "ಊರಿಗೆ ಬಂದೋಳು ನೀರಿಗೆ ಬರ್ದೆ ಇದ್ದಾಳಾ? ನಾಳೆಯಿಂದ ಬನ್ನಿ" ಎಂದಳು.

ಅತ್ತೆ ಮರುದಿನದಿಂದಲೇ ರೊಟ್ಟಿ ಕಟ್ಟಿಕೊಂಡು ಹೋಗಿ, ಗೋಮಾಳದ ಬದಿಯ ಹೊಂಗೆಮರದಡಿ ಕೂತರು. ಮನೆಯಲ್ಲಿ ಗೌರಿ ಒಣಹುಲ್ಲು ಮೆಲ್ಲುತ್ತ ಹಸಿರಿಗಾಗಿ ಅಂಬಾ ಎನ್ನುತ್ತಿದ್ದಳು. ಇವರು ಎದೆಯೆತ್ತರದ ಹಸಿರಿಗೆ ಕಾವಲು. ಕೆಲವೇ ದಿನಗಳಲ್ಲಿ ಆ ಟಿಟ್ಟಿಭಗಳು ದಿಬ್ಬದ ಇನ್ನೊಂದು ಮಗ್ಗುಲಲ್ಲಿ ಮತ್ತೆ ಮೊಟ್ಟೆಯಿಟ್ಟವು. ಆ ಸಂಜೆ ಮನೆಗೆ ಬಂದ ಅತ್ತೆಯ ಮುಖ ನೋಡಬೇಕಿತ್ತು! ಬಾಯಲ್ಲಿ ಹೇಳದಿದ್ದರೂ ನನಗೆ ತಿಳಿಯಿತು: ಈ ಮೊಟ್ಟೆಗಳು ಮರಿಯಾದರೆ ತಮ್ಮ ಕೈಯಿಂದಾದ ಪಾಪ ಕಳೆಯಿತು, ನನ್ನ ಕೂಸು ಉಳಿಯಿತು. ಅವರು ಕಾಯುತ್ತಿದ್ದದ್ದು ನನ್ನ ಮಗುವನ್ನು. ನಿಜ ಹೇಳಲೇ? ಹೈಸ್ಕೂಲು ಓದಿದ ನಾನೂ ಅದನ್ನೇ ನಂಬಿದೆ. ಹರಕೆ ಎಂಬುದು ದೇವರ ಜೊತೆ ಮಾಡುವ ಚೌಕಾಸಿಯೆಂದು ಗೊತ್ತಿದ್ದೂ, ಹೊಟ್ಟೆಯ ವಿಷಯ ಬಂದಾಗ ಚೌಕಾಸಿ ಮಾಡದ ಹೆಂಗಸು ಯಾರಿದ್ದಾಳೆ?

ಹುಲ್ಲು ತೆನೆ ಒಡೆಯಿತು. ಕಟ್ಟು ಬಿಚ್ಚುವ ದಿನ ಊರ ದನಗಳೆಲ್ಲ ಕಲ್ಲಿನ ಮುಂದೆ ನೆರೆದವು. ಕಾವಲಿನವರೇ ಸೊಪ್ಪು ಬಿಚ್ಚಬೇಕು, ಅವರ ದನವೇ ಮೊದಲು ಒಳಗೆ ಹೋಗಬೇಕು. ಹಾಗಾಗಿ ಎಲುಬು ಕಾಣುತ್ತಿದ್ದ ಗೌರಿಯನ್ನೂ ಕರೆದೊಯ್ದಿದ್ದೆವು. ಅತ್ತೆ ಕಲ್ಲಿನ ತನಕ ಹೋದರು, ಸೊಪ್ಪಿನ ಮೇಲೆ ಕೈಯಿಟ್ಟರು, ಬಿಚ್ಚಲಿಲ್ಲ.

"ಇನ್ನಾ ತತ್ತಿ ಒಡದಿಲ್ರೀ. ಸ್ವಲ್ಪ ದಿನ ತಡೀರಿ" ಎಂದರು.

"ಏನಜ್ಜಿ, ಹಕ್ಕಿಗೋಸ್ಕರ ಊರ ದನವೆಲ್ಲ ಉಪ್ವಾಸ ಕೆಡವ್ತೀರಾ?" ಎಂದು ಒಬ್ಬ ರೇಗಿದ. ಗೌರಿ ಹಸಿರಿನ ವಾಸನೆಗೆ ಹಗ್ಗ ಜಗ್ಗುತ್ತಿದ್ದಳು. ಅತ್ತೆಯ ಅಂಗೈ ಕೆಂಪಾಗಿತ್ತು, ಹಗ್ಗ ಬಿಡಲಿಲ್ಲ.

ಹನುಮಕ್ಕ ಅವರ ಮುಖವನ್ನೊಮ್ಮೆ, ನನ್ನ ಬಸಿರನ್ನೊಮ್ಮೆ ನೋಡಿದಳು. "ಸೊಪ್ಪು ಬಿಚ್ಚೋದು ಕಾವಲಿನೋರ ಕೈಯಿ. ಆವಮ್ಮ ಬಿಚ್ಚಲಿಲ್ಲ ಅಂದ್ರೆ ಬಿಚ್ಚಲಿಲ್ಲ. ತಿರುಗಿಸ್ರೋ ದನವ" ಎಂದಳು. ಗೊಣಗುತ್ತಲೇ ಎಲ್ಲರೂ ದನ ತಿರುಗಿಸಿದರು.

ಮೊಟ್ಟೆ ಒಡೆದವು. ಒಣಗಿದ ಕೂಡಲೇ ಓಡಾಡತೊಡಗಿದ ಮರಿಗಳನ್ನು ತಾಯಿಹಕ್ಕಿ ಜೊಂಡಿನ ಕಡೆಗೆ ಕರೆದೊಯ್ದದ್ದನ್ನು ಅತ್ತೆ ಕಣ್ಣಾರೆ ಕಂಡರು, ಆಮೇಲೆ ಸೊಪ್ಪು ಬಿಚ್ಚಿದರು. ಗೌರಿ ಹೆಣ್ಣುಗರು ಹಾಕಿದಳು. ಶ್ರಾವಣದಲ್ಲಿ ನನ್ನ ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಅಳಲೂ ಇಲ್ಲ.

ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಹಕ್ಕಿಯ ಮೇಲೆ, ಕಲ್ಲಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮೇಲೆ. ಅವರ ಹರಕೆಗಳೆಲ್ಲ ನಿಂತುಹೋದವು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಮಾತಿಲ್ಲದೆ ಒಂದು ವರ್ಷ ಕಳೆದೆವು.

ಮರುವರ್ಷ ಮುಂಗಾರು ಬಿತ್ತು. ಕಲ್ಲಿಗೆ ಸೊಪ್ಪು ಕಟ್ಟಿದ್ದಾರೆಂದು ಪಕ್ಕದ ಮನೆಗೆ ಹಾಲು ಹಾಕುವವನು ಹೇಳಿಹೋದ. ಆ ಸಲ ಕಟ್ಟು ಮುರಿದವರು ಯಾರೂ ಇರಲಿಲ್ಲ, ನಮಗೆ ದಂಡವೂ ಇರಲಿಲ್ಲ. ಅತ್ತೆ ಎಂದಿನಂತೆ ಗೌರಿಗೆ ಒಣಹುಲ್ಲು ಹಾಕಿ, ರೊಟ್ಟಿ ಕಟ್ಟಿಕೊಂಡು, ಕೊಡೆ ತೆಗೆದುಕೊಂಡರು. ನನಗೆ ತಡೆಯಲಾಗಲಿಲ್ಲ.

"ಎಲ್ಲಿಗ್ರೀ ಅತ್ತೀ? ಹ್ವಾದ ವರ್ಷ ಕಾದದ್ದು ಸಾಲದೇನು? ಏನು ಬಂತು ನಮ್ಮ ಕೈಗೆ?" ಎಂದು ಕೂಗಿಬಿಟ್ಟೆ.

ಅವರು ಹೊಸ್ತಿಲಲ್ಲೇ ನಿಂತರು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಆ ಹಕ್ಕಿ ನನಗೇನಾರ ಮಾತು ಕೊಟ್ಟಿತ್ತೇನವಾ?"

ಅಷ್ಟೇ ಹೇಳಿ ಮೆಟ್ಟಿಲಿಳಿದರು. ನಾನು ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಅವರ ಹಿಂದೆ ಹೊರಟೆ.