ಮಳಿ ಹುಳ ಹುರಿದ ಸಂಜಿ

ಎಂಬತ್ತರ ದಶಕದಾಗ ನಾ ಇಳಕಲ್ಲಿಗೆ ನರ್ಸ್ ಆಗಿ ಬಂದಾಗ ನೇಕಾರರ ಮನ್ಯಾಗ ಒಂದು ಖೋಲಿ ಬಾಡಿಗಿಗೆ ಸಿಕ್ಕಿತು. "ಇಲ್ಲಿ ಮಾಂಸ ನಡ್ಯಾಂಗಿಲ್ಲ ನೋಡ್ರಿ" ಅಂತ ಮನಿ ಹಿರ್ಯಾಕಿ ಮೊದಲ ಹೇಳಿದ್ಲು. ನಾ ಬಾದಾಮಿ ಕಡಿ ಕುರಿ ಕಾಯೋರ ಮಗಳು. ಹೂಂ ಅಂದೆ. ಅನ್ನಲಾರದ ಏನ್ ಮಾಡ್ಲಿ, ಇನ್ನೊಂದು ಖೋಲಿ ಕೊಡೋರು ಯಾರಿದ್ರು?

ಹಗಲೆಲ್ಲಾ ದವಾಖಾನಿ. ಸಂಜಿಕೆ ಬಾಗಲಾ ತೆಗದ್ರ ಒಳಗ ಯಾರೂ ಇಲ್ಲ. ಮಗ್ಗದ ಸಪ್ಪಳ ನಿಂತ ಮ್ಯಾಲಂತೂ ಅಳು ಬರ್ತಿತ್ತು. ಖರೆ ಹೇಳ್ತೇನಿ, ಗ್ವಾಡಿ ಕೂಡ ಮಾತಾಡೇನಿ. ಆ ಊರಾಗ ನನ್ನ ಜೋಡಿ ಕುಂತು ಉಣ್ಣಾಕಿ ಒಬ್ಬಾಕಿನ, ಆ ಮನಿ ಸೊಸಿ. ಚೊಚ್ಚಲ ಬಸುರಿ. ತನ್ನ ತಾಟು ಹಿಡಕೊಂಡು ಬಂದು, "ಅಕ್ಕಾರ, ನೀವು ಬಡಿಯೂದು ರೊಟ್ಟಿನೋ ಕಲ್ಲೋ?" ಅಂತ ಚಾಷ್ಟಿ ಮಾಡಕೋತ ಕುಂತ್ಲಂದ್ರ ಆ ಕಲ್ಲೂ ರುಚಿ ಆಗ್ತಿತ್ತು. ಆಕಿ ಎಲ್ಲಿ ಬರೂದು ಬಿಡ್ತಾಳೋ ಅನ್ನೂದೊಂದ ನನ್ನ ಅಂಜಿಕಿ.

ಮೊದಲ ಮಳಿ ಬಿದ್ದ ಸಂಜಿ ಲೈಟಿಗೆ ಮಳಿ ಹುಳ ಮುತ್ತಿದವು. ರೆಕ್ಕಿ ಬಂದು ಹುತ್ತದಿಂದ ಹೊರಬೀಳೂ ಗೆದ್ದಲಿ. ನಮ್ಮವ್ವ ಅವನ್ನ ನೀರಿನ ಬೋಗಣ್ಯಾಗ ಕೆಡವಿ, ಒಣಗಿಸಿ, ರೆಕ್ಕಿ ಕೇರಿ, ಉಪ್ಪು ಹಾಕಿ ಹುರಿದು ಕೊಡ್ತಿದ್ಲು. ಎಣ್ಣಿ ಬ್ಯಾಡ, ತಮ್ಮ ಜಿಡ್ಡು ತಾವ ಬಿಡ್ತಾವ. "ದಿನಾ ಕುರಿ ಕೊಯ್ಯಾಕ ನಾವೇನು ಸಾವುಕಾರ್ರೇನು? ತಿನ್ರಿ, ಮೈಯಾಗ ಕಸುವು ಬರತೈತಿ" ಅಂತಿದ್ಲು. ಮುಂದ ಟ್ರೇನಿಂಗಿನ್ಯಾಗ ಪ್ರೋಟೀನಿನ ಪಾಠ ಆದಾಗ ಚಿತ್ರದಾಗ ತತ್ತಿ, ಹಾಲು, ಬ್ಯಾಳಿ ಎಲ್ಲಾ ಇದ್ದವು. ನಾ ತಿಂದು ಬೆಳದದ್ದೊಂದ ಇರ್ಲಿಲ್ಲ. ಬಾಯಿ ಮುಚಗೊಂಡು ಬರಕೊಂಡೆ.

ಆ ಸಂಜಿ ಅವ್ವ ಭಾಳ ನೆನಪಾದ್ಲು. ಬಾಗಲಾ ಹಾಕ್ಕೊಂಡು ಒಂದು ಹಿಡಿ ಹುರಿದೆ. ಬಾಗಲಾ ಹಾಕಿದ್ರ ವಾಸನಿ ನಿಲ್ಲತೈತೇನು! ಸೊಸಿ ಬಂದು ಬಾಗಲಾ ಬಡದ್ಲು.

"ಏನ್ ಹುರದೀರಿ ಅಕ್ಕಾರ? ಶೇಂಗಾ ಏನ್ರಿ? ಬಾಯಾಗ ನೀರ ಬಂದೈತಿ, ನನಗೀಟು ಕೊಡ್ರಿ" ಅಂತ ಕೈ ಚಾಚಿದ್ಲು.

ಬಸುರಿ ಬಾಯಿಬಿಟ್ಟು ಕೇಳಿದ್ದಕ್ಕ ಇಲ್ಲ ಅನಬಾರದು. ಶೇಂಗಾ ಅಂತ ಸುಳ್ಳ ಹೇಳಿ ಕೊಟ್ರ ಆಕಿ ಧರ್ಮಾ ಕೆಡಿಸಿದ ಪಾಪ. ಅತ್ತ ದರಿ, ಇತ್ತ ಪುಲಿ.

"ಶೇಂಗಾ ಅಲ್ಲವಾ ತಂಗಿ. ಮಳಿ ಹುಳ" ಅಂದೆ.

ಚಾಚಿದ ಕೈ ಹಿಂದಕ್ಕ ಹೋತು. ಹಂಚು ನೋಡಿದ್ಲು, ನನ್ನ ನೋಡಿದ್ಲು. ಇನ್ನ ಬೈತಾಳ ಅಂತ ನಾ ಎದಿ ಗಟ್ಟಿ ಮಾಡಕೊಂಡೆ. ಆಕಿ ಕಣ್ಣಾಗ ನೋಡಿದ್ರ ನೀರು!

"ಪಗಾರ ಸಾಲೂದಿಲ್ಲೇನ್ರಿ ಅಕ್ಕಾರ?"

"ಅಯ್ಯ, ಹಂಗಲ್ಲವಾ, ನಾ ಮನಸಾರ ತಿಂತೇನಿ, ಭಾಳ ರುಚಿ ಇರತಾವು" ಅಂದೆ. ಬಡವರು ಹಿಂಗ ಅಂತಾರ ಅಂತ ತಿಳ್ಕೊಂಡ್ಲೋ ಏನೋ, ಸೆರಗಿಲೆ ಕಣ್ಣ ಒರಸಕೋತ ಹೋದ್ಲು.

ತನ್ನ ಅತ್ತಿ ಮುಂದ ಒಂದು ಮಾತು ಹೇಳಲಿಲ್ಲ, ಪುಣ್ಯಾತಗಿತ್ತಿ. ಖೋಲಿ ಉಳೀತು. ಮರುದಿನದಿಂದ ಸಂಜಿಗೊಮ್ಮೆ ನನ್ನ ಹೊಸ್ತಿಲದ ಮ್ಯಾಲೆ ಬಿಸಿ ರೊಟ್ಟಿ, ಬ್ಯಾಳಿ, ಕೆನಿ ಮೊಸರು ಬರಾಕ ಹತ್ತಿದವು. ನಾನ ಬಸುರ್ಯಾರಿಗೆ ತಿನ್ರಿ ಅಂತ ಹೇಳೂ ಊಟ ಅದು. "ಬಾರವಾ, ಕೂಡಿ ಉಣ್ಣೂಣು" ಅಂತ ಕರೀತಿದ್ದೆ. "ನಂದು ಆಗೇತ್ರಿ" ಅಂದು ಅಂಗಳದಾಗಿಂದನ ಹೊಳ್ಳಿ ಹೋಗ್ತಿದ್ಲು. ಆಗಿರ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗ್ವಾಡಿ ಆಚಿ ಕಡಿ ಆಕಿ ಒಬ್ಬಾಕಿನ ತಾಟಿಗೆ ನೀಡಕೊಳ್ಳೂ ಸಪ್ಪಳ ಕೇಳ್ತಿತ್ತು.