ಘಾಜಿಯಾಬಾದಿಗೆ ಒಯ್ದ ನಾಲ್ಕನೇ ನಮೂನೆ

ನಮ್ಮ ರೈಲು ದೆಹಲಿಯ ನಿಜಾಮುದ್ದೀನ್ ನಿಲ್ದಾಣ ತಲುಪಿದಾಗ ಬೆಳಗಿನ ಹನ್ನೊಂದೂವರೆ ಆಗಿತ್ತು, ಅಂದರೆ ನಾಲ್ಕು ಗಂಟೆ ತಡ. ಇಳಿದ ಕೂಡಲೇ ಮೇ ತಿಂಗಳ ಬಿಸಿಗಾಳಿ ಮುಖಕ್ಕೆ ಬಡಿಯಿತು. ಮುನಿರ್ಕಾಕ್ಕೆ ಇನ್ನೂರೈವತ್ತು ಕೇಳಿದ ಆಟೋದವನು ಇನ್ನೂರಕ್ಕೆ ಒಪ್ಪಿದ, ಆದರೆ ದಾರಿಯುದ್ದಕ್ಕೂ ಗೊಣಗಿದ. ನನಗೂ ಗೊಣಗುವುದಿತ್ತು, ಕೇಳುವವರು ಇರಲಿಲ್ಲ.

ತುಮಕೂರಿನ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ನೆಮ್ಮದಿಯಾಗಿದ್ದವಳು ನಲವತ್ತೇಳನೇ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಸೇರಿದೆ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ಅಕ್ಕಪಕ್ಕದಲ್ಲಿದ್ದ ಗೆಳತಿಯರು ದೂರದೂರ ಮನೆ ಮಾಡಿದ ಮೇಲೆ ಎಷ್ಟು ಮಾತಾಡುತ್ತಾರೆ, ಏನು ಮಾತಾಡುತ್ತಾರೆ ಎನ್ನುವುದು ನನ್ನ ವಿಷಯ. ಇಬ್ಬರೂ ಏಳು ದಿನ ಬೇರೆ ಬೇರೆಯಾಗಿ ದಿನಚರಿ ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತಿಳಿಸುವುದಿಲ್ಲ ಎಂದು ನಾನು ಸಹಿ ಹಾಕಿಕೊಡುತ್ತೇನೆ. ಎರಡೂ ತಾಳೆಯಾಗದಿದ್ದರೆ ಆ ಜೋಡಿಯನ್ನು ಕೈಬಿಡಬೇಕು. ಮೂವತ್ತು ಜೋಡಿಗಳಲ್ಲಿ ಇಪ್ಪತ್ತೆಂಟು ಸಿಕ್ಕಿದ್ದವು. ಉಳಿದೆರಡು ಜೋಡಿಗೆ ದಿನಚರಿ ನಮೂನೆಗಳನ್ನು ಮೊದಲೇ ದೆಹಲಿಗೆ ಅಂಚೆಯಲ್ಲಿ ಕಳಿಸಿ, ಈಗ ತರಲು ಬಂದಿದ್ದೆ. ತಿಂಗಳ ಕೊನೆಗೆ ನನ್ನ ಅವಧಿ ಮುಗಿಯುತ್ತಿತ್ತು.

ಉಳಿದುಕೊಂಡದ್ದು ಮುನಿರ್ಕಾದಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿ ಅಶ್ವಿನಿಯ ಬಾಡಿಗೆ ಕೋಣೆಯಲ್ಲಿ. ಮೂರು ಮಹಡಿ ಹತ್ತಬೇಕು, ಕಿಟಕಿ ತೆರೆದರೆ ಎದುರು ಮನೆಯ ಕುಕ್ಕರಿನ ಸೀಟಿ ಕಿವಿಯಲ್ಲೇ ಕೂಗುತ್ತದೆ. ಅಶ್ವಿನಿ ಮತ್ತು ಈಗ ನೋಯ್ಡಾದಲ್ಲಿರುವ ಅವಳ ಗೆಳತಿಯೇ ನನ್ನ ಇಪ್ಪತ್ತೊಂಬತ್ತನೇ ಜೋಡಿ. ಅವಳು ಎರಡೂ ದಿನಚರಿಗಳನ್ನು ಒಟ್ಟಿಗೆ ಪಿನ್ ಮಾಡಿ ಕೊಟ್ಟಳು. ಎರಡರಲ್ಲೂ ಒಂದೇ ಕೈಬರಹ.

"ಅವಳದ್ದನ್ನೂ ನೀನೇ ಬರೆದೆಯೇನೇ?"

"ಹೂಂ ಮ್ಯಾಮ್. ಅವಳು ಏನು ಬರೀತಾಳೆ ಅಂತ ನಂಗೆ ಗೊತ್ತಲ್ವಾ? ಟೈಮ್ ವೇಸ್ಟ್ ಯಾಕೆ ಅಂತ ನಾನೇ ಫಿಲ್ ಮಾಡ್‌ಬಿಟ್ಟೆ."

ನನಗೆ ಬಂದ ಸಿಟ್ಟನ್ನು ಅವಳು ಮಾಡಿದ ರಾಜ್ಮಾ ಅನ್ನದ ಜೊತೆ ನುಂಗಿಕೊಂಡೆ. ಮಾರ್ಗದರ್ಶಕರಿಗೆ ಫೋನ್ ಮಾಡಿದರೆ ಅವರದು ಬೇರೆ ರಾಗ. "ಇಪ್ಪತ್ತೊಂಬತ್ತಾದ್ರೆ ಹೇಗಾದ್ರೂ ಒಪ್ಪಿಸ್ತೀನಿ ಗಿರಿಜಾ. ಇಪ್ಪತ್ತೆಂಟಾದ್ರೆ ಇನ್ನೊಂದು ವರ್ಷ ಕಾಯಬೇಕಾಗುತ್ತೆ, ನೋಡಿ." ಇನ್ನು ಉಳಿದಿದ್ದು ಒಂದೇ ಜೋಡಿ.

ಎರಡನೇ ದಿನ ಸಂಜೆ ಸರೋಜಿನಿ ನಗರಕ್ಕೆ ಹೋದೆ. ನೂರು ರೂಪಾಯಿಗೆ ಮೂರು ಅಂಗಿ ಎಂದು ಕೂಗುವವರ ನಡುವೆ ದಾರಿ ಬಿಡಿಸಿಕೊಂಡು ಸರ್ಕಾರಿ ವಸತಿಗಳ ಹೊಸ ಕಟ್ಟಡ ತಲುಪುವಷ್ಟರಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ವನಮಾಲಾ ಅಲ್ಲಿ ಒಂಬತ್ತನೇ ಮಹಡಿಯಲ್ಲಿದ್ದಾರೆ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ, ನಿವೃತ್ತಿಗೆ ಇನ್ನೊಂದು ವರ್ಷ. ಹಳೆಯ ಎರಡಂತಸ್ತಿನ ಕ್ವಾರ್ಟರ್ಸ್‌ನಲ್ಲಿ ಅವರೂ ಸುಲೋಚನಾ ಎಂಬ ಇನ್ನೊಬ್ಬ ಗುಮಾಸ್ತೆಯೂ ಹದಿನೆಂಟು ವರ್ಷ ಒಂದೇ ಗೋಡೆಯ ಎರಡು ಬದಿಯಲ್ಲಿದ್ದರು. ಸುಲೋಚನಾ ನಿವೃತ್ತರಾಗಿ ಘಾಜಿಯಾಬಾದಿನಲ್ಲಿ ಫ್ಲ್ಯಾಟ್ ಕೊಂಡರು, ಹಳೆಯ ಕ್ವಾರ್ಟರ್ಸನ್ನು ಸರ್ಕಾರ ಕೆಡವಿತು. ಇಬ್ಬರೂ ಮುಖ ನೋಡಿ ಎರಡು ವರ್ಷವಾಗಿತ್ತು.

ವನಮಾಲಾ ದಿನಚರಿಯನ್ನು ಫೈಲಿಗೆ ಹಾಕಿ, ದಾರ ಕಟ್ಟಿ, ಪುಟಕ್ಕೊಂದು ಸಹಿ ಮಾಡಿ ಇಟ್ಟಿದ್ದರು. ಮೊದಲ ದಿನ: "ಸುಲೋಚನಾಗೆ ದೂರವಾಣಿ ಕರೆ, ಸಂಜೆ ಆರು ಗಂಟೆ, ಇಪ್ಪತ್ತು ನಿಮಿಷ. ವಿಷಯ: ವಿವಿಧ." ಉಳಿದ ಆರು ದಿನ: "ಮೇಲಿನಂತೆ."

"ಏನು ಮಾತಾಡಿದ್ರಿ ಅಂತ ಬರೀಬೇಕಿತ್ತಲ್ಲ ಮೇಡಂ?" ಎಂದೆ.

"ಬರೆದಿದೀನಲ್ಲ, ವಿವಿಧ ಅಂತ. ಜಾಸ್ತಿ ಬರೆದ್ರೆ ಮೇಲಿನವರು ಪ್ರಶ್ನೆ ಕೇಳ್ತಾರೆ."

ಇವರ ಮೇಲಿನವಳು ನಾನೇ, ಪ್ರಶ್ನೆ ಕೇಳುವುದೇ ನನ್ನ ಕೆಲಸ ಎಂದು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಕಾಫಿ ಕೊಟ್ಟು ಎದುರು ಕೂತರು. ಆಮೇಲೆ ಅವರಾಗಿಯೇ ಹೇಳಿದರು: "ನಿಮ್ಮ ಏಳು ದಿನ ಮುಗೀಲಿ ಅಂತ ಮಾಡ್ದೆ, ಅಷ್ಟೇ. ಇನ್ನು ಮಾಡಲ್ಲ. ನಾನು ಏನೇ ಹೇಳ್ಲಿ, ಅಚ್ಛಾ, ಅಚ್ಛಾ. ಮಗನಿಗೆ ಆಪರೇಷನ್ ಆಯ್ತು ಅಂದೆ, ಅದಕ್ಕೂ ಅಚ್ಛಾ. ಅವಳಿಗೆ ನಾನು ಬೇಡವಾಗಿದ್ದೀನಿ. ಬೇಡದವರ ಬಾಗಿಲು ಎಷ್ಟು ದಿನ ತಟ್ಟೋದು?" ಅವರ ಕಣ್ಣು ಒದ್ದೆಯಾಗಿತ್ತು.

ಮೂರನೇ ದಿನ ಘಾಜಿಯಾಬಾದ್. ಸರೋಜಿನಿ ನಗರದಿಂದ ಮೆಟ್ರೋ ಹತ್ತಿ, ವೆಲ್‌ಕಮ್ ನಿಲ್ದಾಣದಲ್ಲಿ ಬದಲಿಸಬೇಕು. ಹೆಸರಿಗೆ ವೆಲ್‌ಕಮ್. ಅಲ್ಲಿ ಒಬ್ಬರು ನನ್ನ ಬೆನ್ನಿಗೆ ಚೀಲ ಗುದ್ದಿದರು, ಇನ್ನೊಬ್ಬರು "ಆಂಟೀ, ಸೈಡ್" ಎಂದು ಗದರಿದರು. ಐವತ್ತು ಚಿಲ್ಲರೆ ರೂಪಾಯಿ, ಒಂದೂವರೆ ಗಂಟೆ. ಇಳಿದು ಇ-ರಿಕ್ಷಾಗೆ ಇಪ್ಪತ್ತು ಕೊಟ್ಟು ಹೋದರೆ ಅವನು ಬೇರೊಂದು ಅಪಾರ್ಟ್‌ಮೆಂಟಿನ ಮುಂದೆ ಇಳಿಸಿದ. ಕೇಳಿದರೆ, "ಮೇಡಂಜೀ, ಎಲ್ಲಾ ಒಂದೇ ಥರ ಇವೆ" ಎಂದು ಹಿಂದಿಯಲ್ಲಿ ಹೇಳಿ ಹೊರಟೇಹೋದ. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಅರ್ಧ ಕಿಲೋಮೀಟರ್ ನಡೆದೆ.

ಸುಲೋಚನಾ ಅವರ ಮನೆಯ ಗಂಟೆ ಐದು ಸಲ ಒತ್ತಿದೆ. ಯಾರೂ ಬರಲಿಲ್ಲ. ಬಾಗಿಲು ತಳ್ಳಿದರೆ ತೆರೆದೇ ಇತ್ತು. ಒಳಗೆ ಅವರು ಬೆನ್ನು ಹಾಕಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನಾನು ಎದುರಿಗೆ ಬಂದು ನಿಂತ ಮೇಲೆಯೇ ಗಾಬರಿಯಿಂದ ಎದ್ದರು. ಮಾತಾಡುವಾಗ ನನ್ನ ಕಣ್ಣು ಬಿಟ್ಟು ತುಟಿಯನ್ನೇ ನೋಡುತ್ತಿದ್ದರು. ನನ್ನ ತುಟಿಗೆ ಏನಾದರೂ ಅಂಟಿದೆಯೇನೋ ಎಂದು ಎರಡು ಸಲ ಒರೆಸಿಕೊಂಡೆ, ದಡ್ಡಿ ನಾನು.

ಅವರ ದಿನಚರಿಯಲ್ಲಿ ಏಳೂ ದಿನ ಒಂದೇ ಪದ: "ಇಲ್ಲ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇವರಿಬ್ಬರಲ್ಲಿ ಒಬ್ಬರು ಸುಳ್ಳು ಬರೆದಿದ್ದರು, ನನ್ನ ವರ್ಷ ಮಣ್ಣುಪಾಲಾಗುತ್ತಿತ್ತು. "ಒಂದು ಫೋನೂ ಬರಲಿಲ್ವಾ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಫೋನ್ ದಿನಾ ಬರುತ್ತೆ. ಆದ್ರೆ ನಿಮ್ಮ ಫಾರ್ಮಲ್ಲಿ ಫೋನ್ ಬಂತಾ ಅಂತ ಕೇಳಿಲ್ವಲ್ಲ, ಏನು ಮಾತುಕತೆ ಆಯ್ತು ಅಂತ ಕೇಳಿದೀರಿ. ನನಗೆ ಒಂದಕ್ಷರ ಕೇಳ್ಸಲ್ಲ. ಎರಡು ವರ್ಷ ಆಯ್ತು, ಬರೀ ಗುಂಯ್ ಅನ್ನುತ್ತೆ. ಮೂವತ್ತೈದು ವರ್ಷ ಸರ್ಕಾರಿ ರಿಜಿಸ್ಟರ್ ಬರೆದವಳು, ಸುಳ್ಳು ಹೇಗೆ ಬರೀಲಿ?"

"ಕೇಳಿಸದಿದ್ರೆ ಇಪ್ಪತ್ತು ನಿಮಿಷ ಏನು ಮಾಡ್ತೀರಿ?"

"ಅವಳು ಉಸಿರು ತಗೊಂಡಾಗ ಸದ್ದು ನಿಲ್ಲುತ್ತೆ. ಆವಾಗ ಅಚ್ಛಾ ಅಂತೀನಿ."

ಕಿವಿಯ ಮಷೀನ್ ಅಲಮಾರಿಯಲ್ಲಿ ಬಿದ್ದಿತ್ತು, ಹಾಕಿದರೆ ತಲೆಯೊಳಗೆ ಮಿಕ್ಸಿ ತಿರುಗಿದ ಹಾಗಾಗುತ್ತದಂತೆ. ಮೆಸೇಜ್ ಕಳಿಸಿ ಎಂದರೆ, ವನಮಾಲಾಗೆ ಕಚೇರಿಯಲ್ಲಿ ಟೈಪ್ ಮಾಡಿದ್ದೇ ಸಾಕಾಗಿದೆ ಎಂದರು. ಹೇಳಿಬಿಡಿ ಎಂದದ್ದಕ್ಕೆ ಅವರ ಮುಖ ಸಣ್ಣದಾಯಿತು. "ಕಿವುಡಿ ಹತ್ರ ಯಾರು ಹರಟೆ ಹೊಡೀತಾರೆ? ಅವಳು ನಿಲ್ಲಿಸಿಬಿಡ್ತಾಳೆ. ನೀವು ಹೇಳಬಾರದು, ಬರೆದು ಕೊಟ್ಟಿದೀರಿ."

ಆರು ಗಂಟೆಗೆ ಅವರು ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರು. ಅದು ನಡುಗಿದರೆ ಕರೆ ಬಂದಂತೆ. ಆರೂಕಾಲಾಯಿತು, ಆರೂವರೆಯಾಯಿತು. "ನಿನ್ನೆನೂ ಮಾಡ್ಲಿಲ್ಲ" ಎಂದರು. ನನಗೆ ಕಾರಣ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಆ ಸಹಿಯನ್ನು ಕಂಡುಹಿಡಿದವರ ಮೇಲೆ ಇಡೀ ದೆಹಲಿಯ ಸೆಖೆಗಿಂತ ಹೆಚ್ಚು ಸಿಟ್ಟು ಬಂತು.

ಹಿಂದಿರುಗುವ ಮೆಟ್ರೋದಲ್ಲಿ ನಿಂತುಕೊಂಡೇ ಒಂದು ಖಾಲಿ ಹಾಳೆಯ ಮೇಲೆ "ನಮೂನೆ ನಾಲ್ಕು" ಎಂದು ಬರೆದೆ. ಇಬ್ಬರೂ ಎದುರುಬದುರು ಕೂತು ಭರ್ತಿ ಮಾಡತಕ್ಕದ್ದು. ನನ್ನ ಸಂಶೋಧನೆಯಲ್ಲಿ ಇದ್ದದ್ದು ಮೂರೇ ನಮೂನೆ, ಅಂಥದ್ದು ಇರಲೇ ಇಲ್ಲ. ಊರಿಗೆಲ್ಲ ನಿಯಮ ಹೇಳಿಕೊಂಡು ಬಂದವಳು ನಾನೇ ಖೊಟ್ಟಿ ಕಾಗದ ತಯಾರಿಸಿದೆ. ಇಳಿದು ವನಮಾಲಾಗೆ ಫೋನ್ ಮಾಡಿದೆ.

"ಇದೊಂದು ಬಾಕಿ ಇದೆ ಮೇಡಂ. ಇಲ್ಲದಿದ್ರೆ ನಿಮ್ಮ ಫೈಲ್ ಅಪೂರ್ಣ ಅಂತ ವಾಪಸ್ ಬರುತ್ತೆ."

ಅವಮಾನವನ್ನಾದರೂ ಸಹಿಸುತ್ತಿದ್ದರೋ ಏನೋ, ಅಪೂರ್ಣ ಫೈಲನ್ನು ಆಕೆ ಸಹಿಸಲಾರರು. "ನಾಳೆ ಅರ್ಧ ದಿನ ರಜೆ ಹಾಕ್ತೀನಿ. ಸಹಿ ಹಾಕಿ ಬಂದ್‌ಬಿಡ್ತೀನಿ, ಅಷ್ಟೇ."

ನಾಲ್ಕನೇ ದಿನ ಮಧ್ಯಾಹ್ನ ಇಬ್ಬರೂ ಅದೇ ಒಂದೂವರೆ ಗಂಟೆ ಪ್ರಯಾಣ ಮಾಡಿದೆವು. ಬಾಗಿಲು ತೆರೆದೇ ಇತ್ತು. ಗೆಳತಿಯನ್ನು ಕಂಡು ಸುಲೋಚನಾ ಎದ್ದು ಕೈ ಹಿಡಿದರು. ವನಮಾಲಾ ಕೈ ಬಿಡಿಸಿಕೊಂಡು ಕುರ್ಚಿಯಲ್ಲಿ ಕೂತರು. ಸುಲೋಚನಾ ಅಡುಗೆಕಟ್ಟೆಯ ಕಡೆ ತಿರುಗಿ ಕಾಫಿ ಸೋಸತೊಡಗಿದರು.

ಆ ಬೆನ್ನಿಗೇ ವನಮಾಲಾ ಹೇಳಿದರು: "ಸುಲೂ, ನಾನು ಇನ್ನು ಮೇಲೆ ನಿನಗೆ ಫೋನ್ ಮಾಡಲ್ಲ."

ಸುಲೋಚನಾ ಸೋಸುತ್ತಲೇ ಇದ್ದರು.

"ಕೇಳಿಸ್ತಾ? ಮಾಡಲ್ಲ ಅಂದೆ."

ಸದ್ದು ನಿಂತದ್ದು ಹೇಗೋ ತಿಳಿದಿರಬೇಕು. "ಅಚ್ಛಾ" ಎಂದರು ಸುಲೋಚನಾ, ನಗುನಗುತ್ತ, ತಿರುಗದೆ.

ವನಮಾಲಾ ಎದ್ದರು. ಹೊರಟೇಹೋಗುತ್ತಾರೆ ಎಂದುಕೊಂಡೆ. ಆದರೆ ಎರಡು ಹೆಜ್ಜೆ ಇಟ್ಟು ನಿಂತು, ಆ ಬೆನ್ನನ್ನೇ ನೋಡುತ್ತ, ಮೆಲ್ಲಗೆ ಕೇಳಿದರು: "ಸುಲೂ, ಆ ಕಾಫಿ ನಿನ್ನ ತಲೆ ಮೇಲೆ ಸುರೀಲಾ?"

"ಅಚ್ಛಾ."

ವನಮಾಲಾ ಹೋಗಿ ಗೆಳತಿಯ ಭುಜ ಹಿಡಿದು ತಿರುಗಿಸಿದರು. "ಎಷ್ಟು ದಿನದಿಂದ?" ಎಂದು ಕಿರುಚಿದರು. "ಎಷ್ಟು ದಿನದಿಂದ ಕೇಳಿಸ್ತಿಲ್ಲ ನಿನಗೆ? ಮೂರ್ಖಳೇ, ನನಗ್ಯಾಕೆ ಹೇಳ್ಲಿಲ್ಲ?" ಸುಲೋಚನಾ ಆ ತುಟಿಗಳನ್ನು ನೋಡುತ್ತ ಅಳತೊಡಗಿದರು. ಬಯ್ಗುಳ ಬಹಳ ಹೊತ್ತು ನಡೆಯಿತು. ಮಗನ ಆಪರೇಷನ್ ಸುದ್ದಿ ಮೊದಲಿನಿಂದ ಇನ್ನೊಮ್ಮೆ ಬಂತು, ಮಷೀನ್ ಅಲಮಾರಿಯಿಂದ ಹೊರಗೆ ಬಂತು. ನನಗೆ ಕಾಫಿ ಕೊಡುವುದನ್ನು ಇಬ್ಬರೂ ಮರೆತರು.

ಮರುದಿನ ರೈಲು ಹತ್ತಿದ ಮೇಲೆ ಮಾರ್ಗದರ್ಶಕರಿಗೆ ಫೋನ್ ಮಾಡಿ, ಆ ಜೋಡಿಯ ನಡುವೆ ನಾನೇ ಕೈ ಹಾಕಿದೆ, ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದೆ. ಅವರು ಒಂದು ವರ್ಷದ ಉಪದೇಶವನ್ನು ಐದು ನಿಮಿಷದಲ್ಲಿ ಮುಗಿಸಿದರು. ಮಥುರಾ ದಾಟಿದ ಮೇಲೆ ಚೀಲದಿಂದ ನಾಲ್ಕನೇ ನಮೂನೆ ತೆಗೆದು ನೋಡಿದೆ. ಅದರ ಮೇಲೆ ಕಾಫಿ ಲೋಟದ ಕಲೆಯಿತ್ತು. "ಇಂದು ಏನು ಮಾತಾಡಿದಿರಿ?" ಎಂಬುದರ ಎದುರು ವನಮಾಲಾ "ವಿವಿಧ" ಎಂದು ಬರೆದು ಸಹಿ ಹಾಕಿದ್ದರು.

ಏಳು ದಿನ "ಇಲ್ಲ" ಎಂದು ಬರೆದಿದ್ದ ಸುಲೋಚನಾ ಅದರ ಕೆಳಗೆ ಬರೆದಿದ್ದರು: "ಮೇಲಿನಂತೆ."