ಮಾವನ ಮಣ್ಣಾಂಗಟ್ಟಿ

ಇವತ್ತು ಬೆಳಿಗ್ಗೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಬಂಟ್ವಾಳ ಕಡೆಯ ಬಸ್ಸಿನ ಕಂಡಕ್ಟರು ಒಂದು ಪೊಟ್ಟಣವನ್ನು ನನ್ನ ಕೈಗೆ ದಾಟಿಸಿ, "ನಿಮ್ಮ ಮಾವ ಕೊಟ್ಟದ್ದು. ಜಾಗ್ರತೆಯಂತೆ" ಎಂದು ಸೀಟಿ ಊದಿದ. ಹಳೆ ಪೇಪರು, ಅದರ ಮೇಲೆ ಬಾಳೆನಾರಿನ ಕಟ್ಟು. ಪುಂಜಾಲಕಟ್ಟೆಯಿಂದ ಮಾವ ಕಳಿಸಿದ್ದೆಂದರೆ ತಿನ್ನುವಂಥದ್ದೇ ಇರಬೇಕೆಂದು ಆಸೆಯಿಂದ ಮೂಗಿನ ಹತ್ತಿರ ಹಿಡಿದೆ. ಒದ್ದೆ ಮಣ್ಣಿನ ವಾಸನೆ! ಬಿಡಿಸಿದರೆ ಒಳಗೆ, ದೇವರಾಣೆ, ಮುಷ್ಟಿ ಗಾತ್ರದ ಒಂದು ಮಣ್ಣಿನ ಹೆಂಟೆ. ನಮ್ಮೂರ ಮಾತಿನಲ್ಲಿ ಮಣ್ಣಾಂಗಟ್ಟಿ.

ನೀವು ಘಟ್ಟದ ಮೇಲಿನವರಾದರೆ ಈ ಶಬ್ದದ ಬಗ್ಗೆ ಸ್ವಲ್ಪ ಹೇಳಬೇಕು. ಅರ್ಥವೇನೋ ಮಣ್ಣಿನ ಉಂಡೆ ಎಂದೇ. ಆದರೆ ಆ ಅರ್ಥದಲ್ಲಿ ನಮ್ಮಲ್ಲಿ ಯಾರೂ ಅದನ್ನು ಬಳಸುವುದಿಲ್ಲ. 'ಏನೂ ಇಲ್ಲ', 'ಎಲ್ಲ ಸುಳ್ಳು', 'ನಿನ್ನ ತಲೆ', ಮೂರಕ್ಕೂ ಅದೇ ಶಬ್ದ. ನನ್ನ ಮಾವ, ಅಂದರೆ ತಾಯಿಯ ಅಣ್ಣ, ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದವರು, ಈ ಶಬ್ದವೊಂದರಿಂದಲೇ ಅರ್ಧ ಸಂಸಾರ ನಡೆಸಿದರು ಎನ್ನಬಹುದು. "ಪಾತ್ರೆಯಲ್ಲಿ ಎಂತ ಉಳಿದುಂಟು?" ಎಂದು ಅತ್ತೆ ಕೇಳಿದರೆ "ಮಣ್ಣಾಂಗಟ್ಟಿ!" ಸರಕಾರ ಏನು ಮಾಡಿತು ಎಂದು ಯಾರಾದರೂ ಕೇಳಿದರೂ ಅದೇ ಉತ್ತರ. ಮಾತು ಕಲಿಯುವ ವಯಸ್ಸಿನಲ್ಲಿ, ಮಾವ ಇನ್ನೂ ಊರಲ್ಲೇ ಇದ್ದಾಗ, ನಾನು ಇವರ ತೊಡೆಯ ಮೇಲೆ ಬೆಳೆದವನು. ಅಮ್ಮ, ಅಪ್ಪ ಆದ ಕೂಡಲೇ ನಾನು ಹೇಳಿದ ಮೂರನೆಯ ಶಬ್ದ ಯಾವುದೆಂದು ನೀವೇ ಊಹಿಸಿ.

ಇಂಥ ಹಿರಿಯರಿಗೆ, ಕಾಲೇಜಿನ ದಿನಗಳಲ್ಲಿ ಅವರು ಒಮ್ಮೆ ಊರಿಗೆ ಬಂದಾಗ, ನಾನು ಸಿವಿಲ್ ಇಂಜಿನಿಯರಿಂಗಿನಲ್ಲಿ ಎಂತ ಕಲಿಯುತ್ತಿದ್ದೇನೆ ಎಂದು ವಿವರಿಸಬೇಕಾಗಿ ಬಂತು.

"ಮಣ್ಣು, ಮಾವ. ಮಣ್ಣಿನ ಗುಣ. ಅದರ ಮೇಲೆ ಕಟ್ಟಡಕ್ಕೆ ಪಂಚಾಂಗ, ಅಡಿಪಾಯ ಹೇಗೆ ಹಾಕುವುದು ಅಂತ."

"ಮಣ್ಣಾಂಗಟ್ಟಿ!"

"ಹೌದು, ಅದೇ," ಎಂದೆ ನಾನು. ಬೈದದ್ದು ಮಾವ, ಒಪ್ಪಿಕೊಂಡದ್ದು ನಾನು. ಅತ್ತೆ ಒಳಗೆ ಹೋಗಿ ನಕ್ಕು ಬಂದರು.

ಆದರೆ ಸಂಗತಿ ನಗುವಂಥದ್ದಾಗಿರಲಿಲ್ಲ. ಆ ವಿಷಯದಲ್ಲಿ ನಾನು ಒಮ್ಮೆ ಫೇಲಾಗಿದ್ದೆ. ನಮ್ಮ ಮನೆತನಗಳಲ್ಲಿ ಮಾವನ ಮಾತು ಅಪ್ಪನ ಮಾತಿಗಿಂತ ಒಂದು ಮೆಟ್ಟಲು ಮೇಲೆ. ಮಾವ ತೀರ್ಪು ಕೊಟ್ಟಿದ್ದರು: "ಇನ್ನೊಮ್ಮೆ ಫೇಲಾದರೆ ಸಾಕು ಮಾರಾಯ, ಪುಸ್ತಕ ಕಟ್ಟಿಡು. ಮುಂಬಯಿಗೆ ಬಂದು ಗಲ್ಲೆಯಲ್ಲಿ ಕೂರು." ಗಲ್ಲೆ ಎಂದರೆ ಹೋಟೆಲಿನಲ್ಲಿ ಗಿರಾಕಿಗಳಿಂದ ಹಣ ತೆಗೆದುಕೊಳ್ಳುವ ಮೇಜು. ಚಿಲ್ಲರೆ ಕೊಡುವಾಗ ಲೆಕ್ಕ ತಪ್ಪುವ ನನ್ನಂಥವನು ಅಲ್ಲಿ ಕೂತರೆ ಮೊದಲು ಮುಳುಗುವುದು ಹೋಟೆಲು. ಮೇಲಾಗಿ ನನಗೆ ಈ ಮಣ್ಣಿನ ಮೇಲೆ ಮನಸ್ಸು ಬಂದುಬಿಟ್ಟಿತ್ತು. ಲ್ಯಾಬಿನಲ್ಲಿ ಒದ್ದೆ ಮಣ್ಣನ್ನು ಗಾಜಿನ ಮೇಲೆ ಅಂಗೈಯಿಂದ ಹೊಸೆದು ಶಾವಿಗೆಯಷ್ಟು ಸಪೂರ ಎಳೆ ಮಾಡುವ ಒಂದು ಪರೀಕ್ಷೆ ಉಂಟು. ಬೇಗ ತುಂಡಾದರೆ ಒಂದು ಜಾತಿಯ ಮಣ್ಣು, ತುಂಡಾಗದೆ ಎಳೆಯೆಳೆಯಾಗಿ ಬಂದರೆ ಅಂಟುಮಣ್ಣು. ಉಳಿದವರು ಗೊಣಗುತ್ತ ಹೊಸೆಯುತ್ತಿದ್ದರು. ನಾನು ಹಾಡುತ್ತ ಹೊಸೆಯುತ್ತಿದ್ದೆ. ಕೈಯಲ್ಲಿ ಬರುತ್ತಿದ್ದ ವಿದ್ಯೆ ಬಾಯಲ್ಲಿ ಬರುತ್ತಿರಲಿಲ್ಲ, ಅಷ್ಟೇ. ಎದುರು ನಿಲ್ಲಿಸಿ ಪ್ರಶ್ನೆ ಕೇಳುವ ವೈವಾ ಎಂದರೆ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಎರಡನೆಯ ಸಲದ ವೈವಾಕ್ಕೆ ಹೊರಗಿನ ಪರೀಕ್ಷಕರಾಗಿ ಬಂದವರು ಧಾರವಾಡ ಕಡೆಯವರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಸ್ವರ. ಪಕ್ಕದಲ್ಲಿ ನಮ್ಮ ಕಾಲೇಜಿನ ಮೇಷ್ಟ್ರು, ಬೆಳ್ತಂಗಡಿಯವರು. ನಾನು ಕಲಿಸಿದ ಗಿಣಿಯ ಹಾಗೆ ಇಂಗ್ಲಿಷಿನಲ್ಲಿ ಶುರುಮಾಡಿ ಎರಡನೆಯ ವಾಕ್ಯಕ್ಕೆ ಸಿಕ್ಕಿಹಾಕಿಕೊಂಡೆ.

"ಇರಲಿ ಬಿಡೋ ತಮ್ಮಾ," ಎಂದರು ಧಾರವಾಡದವರು. "ಪುಸ್ತಕದ ಮಾತು ಬ್ಯಾಡ. ಸ್ವಚ್ಛ ಕನ್ನಡದಾಗ ಹೇಳು. ಹಸಿ ಮಣ್ಣಿನ ಮ್ಯಾಲೆ ಮನಿ ಕಟ್ಟಿದಿ. ಭಾರ ಬಿತ್ತು. ಮಣ್ಣಾಗಿನ ನೀರು ಸಾವಕಾಶ ಹೊರಗ ಹೋತು. ಆಮ್ಯಾಲೆ ಏನು ಉಳೀತು?"

ಏನು ಉಳಿಯಿತು! ಆ ಪ್ರಶ್ನೆಗೆ ನಮ್ಮ ಮನೆಯಲ್ಲಿ ಹುಟ್ಟಿದಂದಿನಿಂದ ನಾನು ಕೇಳಿದ್ದು ಒಂದೇ ಉತ್ತರ. ತಡೆಯುವ ಮೊದಲೇ ಬಾಯಿಂದ ಬಿತ್ತು.

"ಮಣ್ಣಾಂಗಟ್ಟಿ, ಸರ್."

ಬೆಳ್ತಂಗಡಿ ಮೇಷ್ಟ್ರ ಕೈಯಲ್ಲಿದ್ದ ಚಹಾ ಅಲುಗಿ ತಟ್ಟೆಗೆ ಚೆಲ್ಲಿತು. ನನ್ನ ಕಣ್ಣೆದುರು ಮುಂಬಯಿ, ಗಲ್ಲೆ, ಮಾವನ ಮುಖ, ಎಲ್ಲ ಹಾದುಹೋದವು. ಅಷ್ಟರಲ್ಲಿ ಧಾರವಾಡದವರು ಮೇಜಿಗೊಂದು ಗುದ್ದಿದರು.

"ಬರೋಬ್ಬರಿ! ಮಣ್ಣು ಗಟ್ಟಿ! ನೀರು ಹೋತು, ಮಣ್ಣು ಗಟ್ಟಿ ಆತು. ಅಷ್ಟ ನೋಡ್ರಿ ಮಾಸ್ತರ, ಪಾಠೆಲ್ಲಾ ಎರಡು ಶಬ್ದದಾಗ ಹೇಳಿಬಿಟ್ಟ ಹುಡುಗ!"

ನಮ್ಮ ಮೇಷ್ಟ್ರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿ, "ಹೌದು ಸರ್. ನಮ್ಮ ಕಡೆ ಹಾಗೇ ಹೇಳುವುದು," ಎಂದರು. ಆ ಪುಣ್ಯಾತ್ಮರು ನೂರು ವರ್ಷ ಬಾಳಲಿ.

ಪಾಸಾದೆ. ಮಾವನಿಗೆ ಫೋನಿನಲ್ಲಿ ನಡೆದದ್ದೆಲ್ಲ ಹೇಳಿದೆ. ಆಮೇಲೆ ಅವರು ಮುಂಬಯಿಯ ಗಿರಾಕಿಗಳಿಗೆಲ್ಲ "ನನ್ನ ಅಳಿಯನನ್ನು ಇಂಜಿನಿಯರ್ ಮಾಡಿದ್ದು ನಾನೇ, ಒಂದೇ ಶಬ್ದದಲ್ಲಿ" ಎಂದು ಹೇಳಿಕೊಂಡು ತಿರುಗಿದರಂತೆ. ಅದರಲ್ಲಿ ಸುಳ್ಳೂ ಇಲ್ಲ ನೋಡಿ.

ಈಗ ಮಾವ ಮುಂಬಯಿ ಬಿಟ್ಟು ಊರಿಗೆ ಬಂದಿದ್ದಾರೆ. ಪುಂಜಾಲಕಟ್ಟೆಯಲ್ಲಿ ರಸ್ತೆ ಬದಿ ಹೊಸ ಹೋಟೆಲು ಕಟ್ಟಬೇಕೆಂಬ ಹಟ. ಜಾಗ ಹಿಂದೆ ಗದ್ದೆಯಾಗಿದ್ದದ್ದು. ಬಸ್‌ಸ್ಟ್ಯಾಂಡಿನಲ್ಲಿ ಹೆಂಟೆ ಕಂಡಾಗಲೇ ಪೊಟ್ಟಣದ ಮರ್ಮ ನನಗೆ ಹೊಳೆಯಿತು, ಆ ಜಾಗದ ಮಣ್ಣು ಪರೀಕ್ಷೆಗೆ ಬಂದದ್ದು. ಮನೆಗೆ ಬಂದು, ಅಡುಗೆಮನೆಯ ಕಲ್ಲಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಮಣ್ಣು ಹೊಸೆಯಲು ಕೂತೆ. "ಎಂತ ಮಾರಾಯ್ರೆ ಇದು, ನಾನು ಚಪಾತಿ ಎಲ್ಲಿ ಲಟ್ಟಿಸುವುದು?" ಎಂದು ಹೆಂಡತಿ ಕೇಳುವಷ್ಟರಲ್ಲಿ ಎಳೆ ಸಪೂರವಾಗಿ, ಉದ್ದಕ್ಕೆ, ತುಂಡಾಗದೆ ಬಂತು. ಶಾವಿಗೆಯಾಗಿದ್ದರೆ ಸಂತೋಷಪಡಬಹುದಿತ್ತು. ಒಳ್ಳೆ ಅಂಟುಮಣ್ಣು. ಮಾವನ ಮುದಿವಯಸ್ಸಿನ ಆಸೆಯನ್ನು ಇದರ ಮೇಲೆ ಇಟ್ಟರೆ ಎರಡು ಮಳೆಗಾಲದಲ್ಲಿ ಗೋಡೆ ಬಾಯಿ ಬಿಡುತ್ತದೆ. ಹೇಳದೆ ಉಪಾಯವಿಲ್ಲ. ಫೋನು ಮಾಡಿದೆ.

"ಎಂತ ಅಳಿಯ? ಮಣ್ಣು ಗಟ್ಟಿ ಉಂಟಾ?"

"ಇಲ್ಲ ಮಾವ. ಇದರ ಮೇಲೆ ಕಟ್ಟಿದರೆ ಹೋಟೆಲು ಕೂರ್ತದೆ."

"ಕೂರ್ಲಿ! ಹೋಟೆಲಲ್ಲಿ ಮತ್ತೆ ನಿಲ್ಲುವುದಾ?"

"ಗಿರಾಕಿ ಅಲ್ಲ ಮಾವ, ಕಟ್ಟಡವೇ ಕೂರ್ತದೆ. ಮಣ್ಣಿನ ಒಳಗೆ."

"ಮಣ್ಣಾಂಗಟ್ಟಿ!"

ಬಂತಲ್ಲ ಎಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಆದರೆ ಆ ಕಡೆಯಿಂದ ಬೈಗಳ ಉಳಿದ ಭಾಗ ಬರಲಿಲ್ಲ. ಬದಲಿಗೆ, ನಾನು ಇಷ್ಟು ವರ್ಷದಲ್ಲಿ ಆ ಬಾಯಿಂದ ಕೇಳಿರದ ಒಂದು ಮಾತು ಮೆಲ್ಲಗೆ ಬಂತು.

"ಹಾಗಾದ್ರೆ ಎಂತ ಮಾಡುವ, ಅಳಿಯ?"

ನಾನು ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡೆ. "ಆದಿತ್ಯವಾರ ಬರ್ತೇನೆ ಮಾವ. ಆಳಕ್ಕೆ ತೋಡಿ ನೋಡುವ. ಅಡಿಯಲ್ಲಿ ಗಟ್ಟಿ ಮುರಕಲ್ಲು ಸಿಕ್ಕಿಯೇ ಸಿಗ್ತದೆ. ಅಲ್ಲಿಂದ ಪಂಚಾಂಗ ಎಬ್ಬಿಸುವ."

"ಆಯ್ತು," ಎಂದರು ಮಾವ. ಕೂಡಲೇ ಹಳೆಯ ಸ್ವರ ಮರಳಿತು. "ಬರುವಾಗ ಆ ಹೆಂಟೆ ವಾಪಸ್ ತಾ. ನಮ್ಮ ಗದ್ದೆಯದ್ದು ಅದು."

ನಾನು ಅಡುಗೆಮನೆಯ ಕಲ್ಲಿನ ಕಡೆ ನೋಡಿದೆ. ನಮ್ಮ ಗದ್ದೆ ಅಲ್ಲಿ ಸಾಲು ಸಾಲು ಶಾವಿಗೆಯಾಗಿ ಒಣಗುತ್ತಿತ್ತು.